ಆಕ್ಷೇಪಣೆ ಸಂಖ್ಯೆ ನೂರಾ ಹದಿನೇಳು

ಬಣ್ಣ ಹಚ್ಚುವವನು ನಾನು. ಗುತ್ತಿಗೆ ನೌಕರಿ.
ವಾಸಕ್ಕೆ ಹಳದಿ, ಕಾರ್ಖಾನೆಗೆ ನೇರಳೆ,
ಅಂಗಡಿ ಮುಂಗಟ್ಟಿಗೆ ನೀಲಿ, ಉದ್ಯಾನಕ್ಕೆ ಹಸಿರು.
ಇಪ್ಪತ್ತು ವರ್ಷ ಮುಂದಿನ ಬಳ್ಳಾರಿಯನ್ನು
ಮೂರು ಮೇಜು ಜೋಡಿಸಿ ಹಾಸಿ
ಸಾಹೇಬರು ಹೇಳಿದಲ್ಲಿ ಹೇಳಿದ್ದು ಹಚ್ಚಿದ್ದೇನೆ.
ನಡುವೆ ಗುಡ್ಡ. ಅದಕ್ಕೆ ಬಣ್ಣವಿಲ್ಲ,
ಎತ್ತರದ ಗೆರೆಗಳಷ್ಟೇ, ಸುತ್ತಿ ಸುತ್ತಿ,
ಯಾರೋ ಹೆಬ್ಬೆಟ್ಟು ಒತ್ತಿಹೋದ ಹಾಗೆ.

ಆಮೇಲೆ ಗೋಡೆಗೆ ತೂಗುಹಾಕಿದೆವು:
ಆಕ್ಷೇಪಣೆಗಳಿದ್ದಲ್ಲಿ ಅರವತ್ತು ದಿನದೊಳಗೆ.

ಮೊದಲು ಬಂದವು ಟೈಪಾದ ಹಾಳೆಗಳು,
ಐಶ್ವರ್ಯ ಬಡಾವಣೆಯಿಂದ ಒಂದೇ ದಿನ ನಲವತ್ತಮೂರು,
ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ಕಾಗುಣಿತದ ತಪ್ಪು:
ನಮ್ಮ ಪಕ್ಕದ ಹಳದಿಯಲ್ಲಿ ಸಣ್ಣ ಸೈಟು ಬೇಡ,
ನಮ್ಮ ಸೈಟಿನ ಬೆಲೆ ಬಿದ್ದುಹೋಗುತ್ತದೆ.
ಬೆಲೆ ಬೀಳುವ ಸದ್ದು ನಾನು ಕೇಳಿದವನಲ್ಲ.
ಬಾಡಿಗೆ ಏರುವ ಸದ್ದು ಗೊತ್ತು,
ಯುಗಾದಿಗೊಮ್ಮೆ ಓನರಮ್ಮ ಬೇವುಬೆಲ್ಲದ ಬಟ್ಟಲಿನ ಜೊತೆ
ಐನೂರು ಏರಿಸಿ ಹೋಗುತ್ತಾರೆ.

ಸಣ್ಣ ಸೈಟುಗಳನ್ನು ಸಾಹೇಬರು ಬೆರಳಲ್ಲಿ ಎತ್ತಿ
ಬೈಪಾಸು ದಾಟಿಸಿ, ಕ್ರಷರುಗಳಾಚೆ ಇಟ್ಟರು.
ಅಲ್ಲಿ ಹಳದಿ ಹಚ್ಚಿದೆ.
ಬಣ್ಣಕ್ಕೆ ಬಸ್ಸು ಬೇಕಿಲ್ಲ.
ನೀರು ಬೇಕು, ಅದು ನನ್ನ ಲೋಟದಲ್ಲಿತ್ತು.

ಐವತ್ತೊಂಬತ್ತನೆಯ ದಿನ ಸುಂಕಮ್ಮ ಬಂದಳು,
ಕೌಲ್ ಬಜಾರಿನಾಕೆ, ಜೀನ್ಸ್ ತೊಳೆಯುವ ಘಟಕದವಳು,
ಊಟದ ಬಿಡುವಿನಲ್ಲಿ. ಕೈ ಇನ್ನೂ ಹಸಿ,
ಮೊಣಕೈವರೆಗೂ ನೀಲಿ.
"ನನ್ ಮನಿ ಎಲ್ಲೈತಪ್ಪಾ ಇದರಾಗ?"
ತೋರಿಸಿದೆ: ಅರವತ್ತಡಿ ರಸ್ತೆಯ ನಟ್ಟನಡುವೆ.
ಆಕೆ ಸಿಟ್ಟಾಗಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು,
ರಸ್ತೆ ದಾಟುವವಳ ಹಾಗೆ.

"ಮತ್ತ ನಮಗ ಕೊಡೋದೆಲ್ಲಿ?"
ಹನ್ನೊಂದು ಕಿಲೋಮೀಟರು ಬೆರಳಾಡಿಸಿದೆ.
"ಒಂಬತ್ತಕ್ಕ ಬಿಡ್ತಾರ ಕೆಲ್ಸ. ಏಳೂವರಿಗೆ ಕಡೀ ಬಸ್ಸು.
ಮನಿ ಅಗ್ಗ, ಹೋಗಾಕ ಬರಾಕ ಬಾಡಿಗಿ ಅಂದಂಗಾತು.
ಕೊಳಗಲ್ಲಾಗ ಒಂದಿಷ್ಟು, ಹಲಕುಂದ್ಯಾಗ ಒಂದಿಷ್ಟು,
ಆ ಐಶ್ವರ್ಯದಾಗೂ ಒಂದಿಷ್ಟು, ಹಂಗ ಹಂಚಾಕ ಬರಂಗಿಲ್ಲೇನು?
ಮದುವಿಯಾಗ ಬಂದೋರ್ನೆಲ್ಲ ಬಿಟ್ಟು
ಒಂದ ಪಂಕ್ತಿಗೆ ಅನ್ನ ಸುರೀತಾರೇನು?"

ಬರೆದುಕೊಡಮ್ಮ ಅಂದೆ. "ನೀನ ಬರಿ" ಅಂದಳು. ಬರೆದೆ.
ಕೋರುವ ಜಾಗವನ್ನು ಗುರುತಿಸಿ ಅಂತ ಫಾರಮ್ಮಿನಲ್ಲಿದೆ.
ಗೋಡೆಯತ್ತ ವಾಲಿ, ಇಂಕ್ ಪ್ಯಾಡು ಕೇಳದೆ,
ನಕ್ಷೆಗೇ ಹೆಬ್ಬೆಟ್ಟು ಒತ್ತಿಬಿಟ್ಟಳು,
ಘಟಕಕ್ಕೆ ನಡೆಯುವಷ್ಟು ದೂರ, ಐಶ್ವರ್ಯದ ಬೇಲಿಗೆ ತಾಗಿ.
ಗುಡ್ಡದ ಮಗ್ಗುಲಲ್ಲಿ ಇನ್ನೊಂದು ಗುಡ್ಡ.

ಸಾಹೇಬರು ಕೂಗಾಡಿದರು. ಅಳಿಸು ಅಂದರು.
ರಬ್ಬರು ತಿಕ್ಕಿದೆ, ಬ್ಲೇಡಿನಲ್ಲಿ ಕೆರೆದೆ,
ಕಾಗದ ತೆಳುವಾಯಿತು, ನೀಲಿ ಹೋಗಲಿಲ್ಲ.
ಬಣ್ಣ ಬಿಡಿಸುವುದೇ ಸುಂಕಮ್ಮನ ಕಸುಬು,
ಆಕೆಯ ಕೈಯಿಂದಲೇ ಅದು ಬಿಟ್ಟಿಲ್ಲ.

ಸಂಜೆ ಒಬ್ಬನೇ ಸ್ಕೇಲು ಹಿಡಿದೆ.
ಅಗಲ ಎರಡು ಸೆಂಟಿಮೀಟರು, ಉದ್ದ ಎರಡೂವರೆ.
ಒಂದಕ್ಕೆ ಹತ್ತು ಸಾವಿರದ ಅಳತೆಯಲ್ಲಿ
ಆ ಹೆಬ್ಬೆಟ್ಟಿನ ಅಡಿ ಹನ್ನೆರಡು ಎಕರೆ.
ರಸ್ತೆ, ಚರಂಡಿ, ಅಂಗನವಾಡಿ, ಬೇವಿನ ಮರದ ಕಟ್ಟೆ,
ಇದಕ್ಕೆಲ್ಲ ಅರ್ಧ ಬಿಟ್ಟರೂ
ಇಪ್ಪತ್ತು ಮೂವತ್ತರವು ನಾನೂರಕ್ಕೂ ಮಿಗಿಲು.
ಮತ್ತೊಮ್ಮೆ ಗುಣಿಸಿದೆ. ಅಷ್ಟೇ ಬಂತು.
ಅದರಲ್ಲೊಂದನ್ನು ನನಗೆಂದು ನೋಡಿಟ್ಟುಕೊಂಡೆ, ಸುಳ್ಳೇಕೆ,
ಉಗುರಿನ ಕಡೆಯ ಮೂಲೆ, ಪೂರ್ವಕ್ಕೆ ಬಾಗಿಲು.

ನಕ್ಷೆ ಮೇಲಿನ ಕಚೇರಿಗೆ ಹೋಗಿ ಏಳು ತಿಂಗಳು.
ಮೊನ್ನೆ ಫೋನು ಬಂತು, ಸಾಹೇಬರು ರಜೆಯಲ್ಲಿದ್ದರು.
"ಏನ್ರೀ ಇದು? ಕೆರೆಯ ನೀಲಿಯೂ ಅಲ್ಲ,
ಅಂಗಡಿಯ ನೀಲಿಯೂ ಅಲ್ಲ."
ಮನೆಗಳು ಸಾರ್, ಅಂದೆ.
"ಎಷ್ಟು?"
ಲೆಕ್ಕ ಹಾಕಿಟ್ಟಿದ್ದೇನೆ, ಬರೆದುಕೊಳ್ಳಿ.